ಕಿಟಕಿ ಒಡೆದ ಮಧ್ಯಾಹ್ನ

ಭಾವ ನನಗೆ ಮೊದಲ ಸಲ ಹೊಡೆದದ್ದು ಒಂದು ಕ್ಲಾಂಪಿನ ವಿಷಯಕ್ಕೆ. ನಾನು ಸೌದಿಯ ಅಲ್ ಅಹ್ಸಾಕ್ಕೆ ಬಂದು ಮೂರು ವಾರವೂ ಆಗಿರಲಿಲ್ಲ. ವ್ಯಾನಿನ ಅಡಿಗೆ ಬೆನ್ನು ಹಾಕಿ ಮಲಗಿ, ಹೀಟರಿನ ಹೊಗೆಕೊಳವೆ ಕೂರಿಸಿ, ಹೊರಗೆ ಜಾರಿ ಬಂದು ಕೈ ಒರೆಸಿಕೊಳ್ಳುತ್ತಿದ್ದೆ. ಅವರು ಬಗ್ಗಿ ಕೊಳವೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ಎದ್ದವರೇ ಕೆನ್ನೆಗೆ ಬಾರಿಸಿದರು. ಕಿವಿಯೊಳಗೆ ಗುಂಯ್ ಎಂದದ್ದು ಸಂಜೆಯವರೆಗೂ ಹೋಗಲಿಲ್ಲ.

"ಕ್ಲಾಂಪ್ ಬಿಗಿ ಮಾಡ್ಲೇ ಇಲ್ಲ ನೀನು! ಈ ಹೊಗೆ ಒಳಗೆ ಹೋದ್ರೆ ಮಲಗಿದವ ಏಳ್ತಾನಾ? ಹೆಂಗಸರು ಮಕ್ಕಳು ಮಲಗ್ತಾರೆ ಇದ್ರಲ್ಲಿ, ಗೊತ್ತುಂಟಾ?"

ಅವರು ಹೇಳಿದ್ದು ಸರಿಯಾಗಿತ್ತು. ಸರಿಯಾದ ಮಾತಿನ ಜೊತೆಗೆ ಬಿದ್ದ ಏಟಾದ್ದರಿಂದ ಅದನ್ನೂ ಸರಿಯೆಂದೇ ತೆಗೆದುಕೊಂಡೆ. ಮತ್ತೆ ವ್ಯಾನಿನ ಅಡಿಗೆ ಹೋಗಿ ಕ್ಲಾಂಪ್ ಬಿಗಿದೆ. ಆ ಸಂಜೆ ಅವರೇ ಮಾರುಕಟ್ಟೆಗೆ ಹೋಗಿ ಅಂಜಲ್ ಮೀನು ತಂದು, ಮಸಾಲೆ ಅರೆದು ಹುರಿದು, ದೊಡ್ಡ ತುಂಡನ್ನು ನನ್ನ ತಟ್ಟೆಗೆ ಹಾಕಿದರು.

ಅವರು ನನ್ನ ಹೆಂಡತಿಯ ಅಣ್ಣ. ಊರು ಉಡುಪಿಯ ಕಡೆ. ಹದಿನಾಲ್ಕು ವರ್ಷದಿಂದ ಸೌದಿಯಲ್ಲಿದ್ದರು. ನಾನು ಊರಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದವನು. ಅವರ ಕಫೀಲ್, ಅಂದರೆ ವೀಸಾ ಕೊಟ್ಟ ಅರಬಿ ಮಾಲೀಕ, ನಡೆಸುತ್ತಿದ್ದ ವರ್ಕ್‌ಶಾಪಿನಲ್ಲಿ ವ್ಯಾನುಗಳಿಗೆ ಮಂಚ, ಒಲೆ, ನೀರಿನ ಟ್ಯಾಂಕು, ಹೀಟರು ಕೂರಿಸಿ ಮನೆಯ ಹಾಗೆ ಮಾಡಿ ಕೊಡುತ್ತಿದ್ದರು. ಚಳಿಗಾಲ ಬಂತೆಂದರೆ ಇಲ್ಲಿಯ ಜನರಿಗೆ ಮರುಭೂಮಿಯಲ್ಲಿ ಬಿಡಾರ ಹೂಡುವ ಹುಚ್ಚು. ಮೊದಲು ಡೇರೆಗಳಲ್ಲಿ ಇರುತ್ತಿದ್ದವರು ಈಗೀಗ ಇಂಥ ವ್ಯಾನುಗಳಿಗೆ ಬಂದಿದ್ದರು. ಕೆಲಸ ಹೆಚ್ಚಾದಾಗ ಭಾವ ಕಫೀಲನ ಹತ್ತಿರ ಮಾತಾಡಿ ನನಗೆ ವೀಸಾ ತೆಗೆಸಿದರು. ಹಾಗಾಗಿ ಇಲ್ಲಿರಲು ಬೇಕಾದ ನನ್ನ ಇಕಾಮಾ ಚೀಟಿಯ ಹಿಂದೆ, ನನ್ನ ಕೆಲಸದ ಹಿಂದೆ, ನಾನು ಮಲಗುವ ಮಂಚದ ಹಿಂದೆ ಕೂಡ ಅವರಿದ್ದರು.

ಭಾವ ಎಲ್ಲರಿಗೂ ಹೊಡೆಯುತ್ತಿದ್ದರು. ತಿರುಗದ ಬೋಲ್ಟಿಗೆ ಹೊಡೆಯುತ್ತಿದ್ದರು, ಮುಚ್ಚದ ಬಾಗಿಲಿಗೆ ಒದೆಯುತ್ತಿದ್ದರು. ವೆಲ್ಡಿಂಗ್ ಮಾಡುತ್ತಿದ್ದ ನೇಪಾಳದವನೊಬ್ಬನ ತಲೆಯನ್ನು ಹಿಡಿದು ಗೋಡೆಗೆ ಬಡಿದದ್ದನ್ನು ನಾನೇ ನೋಡಿದ್ದೇನೆ. ಅವನು ಮಾರನೇ ದಿನವೇ ಬೇರೆ ಕಡೆ ಕೆಲಸ ಹುಡುಕಿಕೊಂಡ. ನನಗೆ ಹಾಗೆ ಹೋಗಲು ದಾರಿ ಇರಲಿಲ್ಲ.

ಫೋನಿನಲ್ಲಿ ಹೆಂಡತಿಗೆ ಹೇಳಿದಾಗ ಅವಳು ನಕ್ಕಳು. "ಅಣ್ಣ ಹಾಗೇ ಮಾರಾಯ್ರೆ. ನಾನು ಹೈಸ್ಕೂಲಲ್ಲಿರುವಾಗ ಬೆಲ್ಟಿನಲ್ಲಿ ಹೊಡೆದದ್ದು ಇನ್ನೂ ಕಲೆ ಉಂಟು. ಮನಸ್ಸಲ್ಲಿ ಎಂತದ್ದೂ ಇಟ್ಕೊಳ್ಳುವವನಲ್ಲ."

ಆ ಕಲೆಯನ್ನು ನಾನು ನೋಡಿದ್ದೆ. ಬಲಗಾಲಿನ ಮೀನಖಂಡದ ಮೇಲೆ, ಎರಡು ಬೆರಳಿನ ಅಗಲ. ಮುಳ್ಳುತಂತಿ ತಾಗಿದ್ದು ಎಂದು ಮದುವೆಯಾದ ಹೊಸದರಲ್ಲಿ ಹೇಳಿದ್ದಳು. ಆ ದಿನ ಫೋನು ಇಟ್ಟ ಮೇಲೆ ಬಹಳ ಹೊತ್ತು ನಾನು ಮಂಚದ ಮೇಲೆ ಕೂತೇ ಇದ್ದೆ. ನನಗೆ ಬಿದ್ದ ಏಟುಗಳಿಗಿಂತ ಅವಳು ನಕ್ಕದ್ದು ಹೆಚ್ಚು ನೋಯಿಸಿತ್ತು.

ಕೆಲಸವನ್ನು ಮಾತ್ರ ನಾನು ಬೇಗ ಕಲಿತೆ. ಜೀವಮಾನವೆಲ್ಲ ಕೋಣೆಯಿಂದ ಸೆಕೆಯನ್ನು ಹೊರಗೆ ಹಾಕುವುದೇ ನನ್ನ ಉದ್ಯೋಗವಾಗಿತ್ತು. ಈಗ ಸೆಕೆಯನ್ನು ಒಳಗೆ ಹಿಡಿದಿಡಬೇಕಿತ್ತು. ವ್ಯಾನೆಂದರೆ ತಗಡು, ತಗಡೆಂದರೆ ಚಳಿ. ಏಸಿ ಪೈಪಿಗೆ ಸುತ್ತುವ ಕಪ್ಪು ರಬ್ಬರ್ ಹಾಳೆಯನ್ನು ಗೋಡೆಗೆ, ಮಾಡಿಗೆ, ಬಾಗಿಲಿನ ಹೊಟ್ಟೆಯೊಳಗೆ ಅಂಟಿಸುವುದನ್ನು ಶುರು ಮಾಡಿದವನು ನಾನೇ. ಕಿಟಕಿಯ ಅಳತೆಗೆ ಬೆಳ್ಳಿ ಬಣ್ಣದ ಹಾಳೆ ಕತ್ತರಿಸಿ, ಒಳಗಿನಿಂದ ಒತ್ತಿ ಕೂರಿಸುವ ಹಾಗೆ ಮಾಡಿದೆ. ನೆಲಕ್ಕೆ ಪ್ಲೈವುಡ್, ಅದರ ಕೆಳಗೆ ಥರ್ಮೋಕೋಲ್. ಗಾಳಿ ನುಸುಳುವ ಒಂದೊಂದೇ ಸಂದನ್ನು ಊದುಬತ್ತಿ ಹಿಡಿದು ಹುಡುಕಿ, ಅಂಟುಪಟ್ಟಿ ಹಾಕಿ ಮುಚ್ಚುತ್ತಿದ್ದೆ. ನಾವು ಪ್ರಯಾಣಕ್ಕೆ ಬಳಸುತ್ತಿದ್ದ ಹಳೆಯ ವ್ಯಾನನ್ನು ಹೀಗೆ ಎಷ್ಟು ಭದ್ರ ಮಾಡಿದ್ದೆನೆಂದರೆ, ಬಾಗಿಲು ಎಳೆದು ಹಾಕಿದರೆ ಕಿವಿ ಮುಚ್ಚಿದ ಹಾಗಾಗುತ್ತಿತ್ತು. ಮಾಡಿನಲ್ಲಿ ಗಾಳಿಗೆ ಅಂತ ಒಂದು ಅಂಗೈ ಅಗಲದ ಕಿಂಡಿ ಮಾತ್ರ ಬಿಟ್ಟಿದ್ದೆ. ಆ ವ್ಯಾನಿನ ಬಗ್ಗೆ ನನಗೆ ಜಂಬವಿತ್ತು.

ಎರಡನೆಯ ಚಳಿಗಾಲದಲ್ಲಿ ಹುಫೂಫ್ ಪಟ್ಟಣದ ಹಿರಿಯರೊಬ್ಬರು ನಮ್ಮಿಂದ ಹೊಸ ವ್ಯಾನು ಮಾಡಿಸಿಕೊಂಡರು. ಶಾಲೆಯಲ್ಲಿ ಮೇಷ್ಟ್ರಾಗಿ ನಿವೃತ್ತರಾದವರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅವರಿಗೆ ಉತ್ತರದ ಕೊನೆಯಲ್ಲಿ, ಅರಾರ್ ದಾಟಿ ತುರೈಫ್ ಕಡೆಯ ಬಯಲಿನಲ್ಲಿ ಹತ್ತು ದಿನ ಒಬ್ಬರೇ ಇರಬೇಕೆಂದು ಆಸೆ. ಯೌವನದಲ್ಲಿ ಅಲ್ಲಿಯ ಶಾಲೆಯೊಂದರಲ್ಲಿ ಪಾಠ ಮಾಡಿದ್ದರಂತೆ. ಮಕ್ಕಳು ಒಬ್ಬರನ್ನೇ ಬಿಡಲು ಒಪ್ಪಲಿಲ್ಲ. ಕಫೀಲ್ ಭಾವನನ್ನೂ ನನ್ನನ್ನೂ ಹಳೆಯ ವ್ಯಾನು ಕೊಟ್ಟು ಜೊತೆಗೆ ಕಳಿಸಿದ.

ಎರಡು ದಿನದ ದಾರಿ. ಖರ್ಜೂರದ ತೋಟಗಳು ಮುಗಿದ ಮೇಲೆ ಮರ ಎನ್ನುವುದೇ ಕಾಣಲಿಲ್ಲ. ಉತ್ತರಕ್ಕೆ ಹೋದ ಹಾಗೆ ಮರಳು ಹೋಗಿ ಕಪ್ಪು ಕಲ್ಲುಗಳ ಬಯಲು ಬಂತು. ಅಲ್ಲಿಯ ಚಳಿ ನಾನು ಎಣಿಸಿದ ಹಾಗಿರಲಿಲ್ಲ. ಮೊದಲ ಬೆಳಿಗ್ಗೆ ವ್ಯಾನಿನ ಹೊರಗೆ ಇಟ್ಟಿದ್ದ ನೀರಿನ ಕ್ಯಾನನ್ನು ಎತ್ತಿದರೆ ಒಳಗೆ ನೀರು ಕುಲುಕಲಿಲ್ಲ, ಕಲ್ಲಿನ ಹಾಗೆ ಕೂತಿತ್ತು. ಕರಾವಳಿಯವನಿಗೆ ಅದೊಂದು ಹೆದರಿಕೆಯ ವಿಷಯ.

ಆದರೂ ಮೊದಲ ನಾಲ್ಕು ದಿನ ಚೆನ್ನಾಗಿಯೇ ಹೋಯಿತು. ಎರಡೂ ವ್ಯಾನುಗಳ ಮೂತಿಯನ್ನು ಗಾಳಿ ಬರುವ ಕಡೆಗೆ ತಿರುಗಿಸಿ ಅಕ್ಕಪಕ್ಕ ನಿಲ್ಲಿಸಿದೆವು. ಡೀಸೆಲ್ ಹೀಟರುಗಳು ಟಿಕ್ ಟಿಕ್ ಎಂದು ಓಡುತ್ತಿದ್ದವು. ಉಸ್ತಾದ್ ಕುರಿಯ ತುಪ್ಪಳದ ಫರ್ವಾ ಹೊದ್ದು ಬಯಲಿನಲ್ಲಿ ಬಹಳ ದೂರ ನಡೆದು ಹೋಗಿ ಬರುತ್ತಿದ್ದರು. ಮಧ್ಯಾಹ್ನ ಹೊರಗೆ ಕಬ್ಬಿಣದ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ, ಅರಬಿ ಕಾಫಿ ಕಹ್ವಾ ಕಾಯಿಸಿ ನಮ್ಮಿಬ್ಬರಿಗೂ ತಾವೇ ಸುರಿದು ಕೊಡುತ್ತಿದ್ದರು.

ಐದನೇ ದಿನ ಬೆಳಿಗ್ಗೆ ಶಮಾಲ್ ಎದ್ದಿತು. ಉತ್ತರದ ಗಾಳಿಗೆ ಇಲ್ಲಿ ಹಾಗೆನ್ನುತ್ತಾರೆ. ಸೂರ್ಯ ಹುಟ್ಟಿದ್ದೇ ತಿಳಿಯದಷ್ಟು ಧೂಳು. ಸಣ್ಣ ಕಲ್ಲುಗಳು ವ್ಯಾನಿನ ತಗಡಿಗೆ ಬಡಿಯುತ್ತಿದ್ದವು. ಅದೇ ಹೊತ್ತಿಗೆ ಉಸ್ತಾದ್ ನಮ್ಮ ಬಾಗಿಲು ತಟ್ಟಿ, ತಮ್ಮ ಹೀಟರು ಹೊತ್ತಿಕೊಳ್ಳುತ್ತಿಲ್ಲ ಎಂದರು.

ನಾನು ಹೋಗಿ ನೋಡಿದೆ. ಡೀಸೆಲಿಗೆ ಬೆಂಕಿ ಕೊಡುವ ಗ್ಲೋ ಪ್ಲಗ್ ಸುಟ್ಟು ಹೋಗಿತ್ತು. ಬೆರಳಿನಷ್ಟು ದೊಡ್ಡ ವಸ್ತು. ಅದಿಲ್ಲದಿದ್ದರೆ ಹೀಟರೆಂಬುದು ಬರೀ ತಗಡಿನ ಡಬ್ಬಿ. ಹೆಚ್ಚುವರಿ ಪ್ಲಗ್ಗುಗಳ ಪೆಟ್ಟಿಗೆಯನ್ನು ತರುವ ಕೆಲಸ ನನ್ನದಾಗಿತ್ತು. ಅದು ವರ್ಕ್‌ಶಾಪಿನ ಕಪಾಟಿನಲ್ಲೇ ಉಳಿದಿತ್ತು.

"ಪೆಟ್ಟಿಗೆ ಎಲ್ಲಿ?" ಎಂದು ಭಾವ ಕೇಳಿದರು.

"ಮರೆತೆ ಭಾವ."

ಎರಡು ವ್ಯಾನುಗಳ ನಡುವೆ ನಿಂತಿದ್ದೆವು. ಅವರ ಕೈಯಲ್ಲಿ ನೀರು ಹಾಯಿಸುವ ಪೈಪಿನ ತುಂಡು ಇತ್ತು. ಅದರಿಂದಲೇ ಹೊಡೆದರು. ತೊಡೆಗೆ, ಬೆನ್ನಿಗೆ, ಮುಖ ಮುಚ್ಚಿಕೊಂಡ ಕೈಗೆ. ಚಳಿಗೆ ಮರಗಟ್ಟಿದ ಚರ್ಮದ ಮೇಲೆ ಬೀಳುವ ಏಟು ಸೀಳಿದ ಹಾಗಿರುತ್ತದೆ. ನಾನು ಕುಸಿದು ಕೂತ ಮೇಲೂ ಬಿಡಲಿಲ್ಲ. "ಮರೆತೆ ಅಂತೆ! ಮರೆತೆ! ಮುದುಕ ಸತ್ರೆ ಯಾರು ಉತ್ರ ಕೊಡುದು?" ತಲೆಯೆತ್ತಿ ನೋಡಿದರೆ ಉಸ್ತಾದ್ ತಮ್ಮ ಕಿಟಕಿಯ ಒಳಗಿನಿಂದ ನೋಡುತ್ತಿದ್ದರು. ಗಾಜಿಗೆ ಕೈಯಿಟ್ಟು ಏನೋ ಕೂಗುತ್ತಿದ್ದರು. ಗಾಳಿಯಲ್ಲಿ ಕೇಳಿಸಲಿಲ್ಲ.

ನಮ್ಮ ಹೀಟರಿನ ಪ್ಲಗ್ ಬಿಚ್ಚಿ ಅವರದ್ದಕ್ಕೆ ಹಾಕಬೇಕೆಂದು ಭಾವ ತೀರ್ಮಾನಿಸಿದರು. ನಾನೇ ಮಾಡಿದೆ. ಬೆರಳುಗಳು ಮಡಚುತ್ತಿರಲಿಲ್ಲ, ಸ್ಪ್ಯಾನರ್ ಜಾರಿ ಗೆಣ್ಣಿನ ಚರ್ಮ ಎದ್ದು ಬಂತು. ಮಧ್ಯಾಹ್ನದ ಹೊತ್ತಿಗೆ ಉಸ್ತಾದರ ಹೀಟರು ಹೊತ್ತಿಕೊಂಡಿತು.

"ಇಬ್ಬರೂ ಇಲ್ಲೇ ಬನ್ನಿ. ಜಾಗ ಬೇಕಾದಷ್ಟಿದೆ" ಎಂದು ಉಸ್ತಾದ್ ಅರಬಿಯಲ್ಲಿ ಹೇಳಿದರು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು.

ಭಾವ ಎದೆಯ ಮೇಲೆ ಕೈಯಿಟ್ಟು ಬೇಡವೆಂದರು. ಗಿರಾಕಿಯ ವ್ಯಾನಿನಲ್ಲಿ ಕೆಲಸದವರು ಕೂರಬಾರದು ಎನ್ನುವುದು ಅವರ ಹಟ. ತಮ್ಮ ಕೋಪವನ್ನು ಆ ಹಿರಿಯರು ನೋಡಿದ್ದಾರೆ ಎನ್ನುವ ನಾಚಿಕೆಯೂ ಇದ್ದಿರಬೇಕು.

ನಮ್ಮ ವ್ಯಾನು ಅಷ್ಟರಲ್ಲೇ ತಣ್ಣಗಾಗಿ ಹೋಗಿತ್ತು. ಇಂಜಿನ್ನಿನ ಬಿಸಿ ಒಳಗೆ ಬರುವ ಪೈಪನ್ನು ಯಾರೋ ಹಿಂದೆಯೇ ಕಡಿದು ಹಾಕಿದ್ದರು. ಅಲ್ ಅಹ್ಸಾದ ಬಿಸಿಲಿನಲ್ಲಿ ಅದು ಯಾರಿಗೆ ಬೇಕು? ಉಸಿರು ಬಿಟ್ಟರೆ ಬೆಳ್ಳಗೆ ಹೊಗೆಯ ಹಾಗೆ ಬರುತ್ತಿತ್ತು. ಭಾವ ಹೊರಗೆ ಹೋಗಿ, ಉಸ್ತಾದರ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ, ಕೆಂಪಗಾದ ಮೇಲೆ ಎತ್ತಿಕೊಂಡು ಬಂದು ನಮ್ಮಿಬ್ಬರ ನಡುವೆ ಇಟ್ಟರು. ಬಾಗಿಲು ಎಳೆದುಕೊಂಡರು.

"ಭಾವ, ಇದ್ದಿಲು ಬೇಡ. ಒಳಗೆ ಗಾಳಿಯೇ ಇಲ್ಲ" ಎಂದೆ.

"ಹೊಗೆ ಎಲ್ಲುಂಟು? ತೋರಿಸು. ಊರಲ್ಲಿ ಬಾಣಂತಿ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಡುದಿಲ್ವಾ? ನಾನು ನೀನು ಎಲ್ಲ ಅದೇ ಬಿಸಿಯಲ್ಲಿ ದೊಡ್ಡವರಾದದ್ದು."

"ಅದು ಹೆಂಚಿನ ಮಾಡು ಭಾವ. ಸಂದು ಸಂದಿನಲ್ಲಿ ಗಾಳಿ ಹೋಗ್ತದೆ. ಇದನ್ನು ನಾನೇ ಮುಚ್ಚಿದ್ದು."

"ನಿನ್ನ ತಲೆ ನೀನೇ ಇಟ್ಕೋ. ಇವತ್ತು ಅದರಿಂದ ಎಷ್ಟು ಉಪಕಾರ ಆಗಿದೆ ಅಂತ ನೋಡಿ ಆಯ್ತಲ್ಲ."

ಮಾಡಿನ ಕಿಂಡಿಯಿಂದ ಧೂಳೂ ಚಳಿಯೂ ಸುರಿಯುತ್ತಿತ್ತು. ಅವರು ಎದ್ದು ತಮ್ಮ ಟವೆಲನ್ನು ಮುದ್ದೆ ಮಾಡಿ ಅದಕ್ಕೆ ತುರುಕಿದರು. ನಾನು ಎದ್ದು ಕಿತ್ತೆ. ಅವರು ಕೆನ್ನೆಗೆ ಹೊಡೆದು ಮತ್ತೆ ತುರುಕಿದರು. ಹಿಂಭಾಗದಿಂದ ಹೊರಗೆ ಹೋಗಲು ಇದ್ದ ಒಂದೇ ಎಳೆಯುವ ಬಾಗಿಲಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತರು.

"ಇನ್ನು ಎದ್ದು ನೋಡು. ಕಾಲು ಮುರೀತೇನೆ."

ನಾನು ಕೂತೆ. ಬಿಸಿ ಹಿತವಾಗಿತ್ತು, ಸುಳ್ಳು ಹೇಳಬಾರದು. ಕೈಯ ಬೆರಳುಗಳಿಗೆ ಜೀವ ಬಂತು. ಬೆನ್ನಿನ ಬರೆಗಳು ಉರಿಯತೊಡಗಿದವು. ಭಾವ ಕೆಂಡದ ಮೇಲೆ ಚಹಾ ಇಟ್ಟು, ಕುಡಿಯುತ್ತ ಏನೇನೋ ಮಾತಾಡಿದರು. ತಂಗಿಯ ಮದುವೆಗೆ ರಜೆ ಸಿಗದೆ ಹೋದದ್ದು, ರಾಸ್ ತನೂರಾದಲ್ಲಿ ಮೊದಲ ಕೆಲಸ ಮಾಡುವಾಗ ಫೋರ್‌ಮನ್ ತಮ್ಮ ಮೇಲೆ ಕೈಮಾಡಿದ್ದು. ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು. ನನ್ನ ಹಣೆಯ ಎರಡೂ ಬದಿ ಒತ್ತಿ ಹಿಡಿದ ಹಾಗೆ ನೋಯಲು ಶುರುವಾಯಿತು. ಪೆಟ್ಟಿನ ನೋವು ಎಂದುಕೊಂಡೆ. ಭಾವನ ಮಾತು ನಾಲಿಗೆಗೆ ಸುತ್ತಿಕೊಳ್ಳತೊಡಗಿತು. ಅವರು ಕಾರಣವಿಲ್ಲದೆ ನಕ್ಕರು. ಕೈಯಲ್ಲಿದ್ದ ಲೋಟ ಜಾರಿ ಬಿದ್ದು ಚಹಾ ತೊಡೆಯ ಮೇಲೆ ಚೆಲ್ಲಿದರೂ ಒರೆಸಿಕೊಳ್ಳಲಿಲ್ಲ.

ಆಗ ನನಗೆ ತಿಳಿಯಿತು.

ಏಳಲು ಹೋದರೆ ಮೊಣಕಾಲು ನಿಲ್ಲಲಿಲ್ಲ. "ಭಾವ, ಬಾಗಿಲು ಬಿಡಿ! ಸಾಯ್ತೇವೆ!"

"ಕೂತ್ಕೋ."

"ಬಾಗಿಲು ಬಿಡಿ!"

"ತೆಗೆದ್ರೆ ಕೊಲ್ತೇನೆ" ಎಂದರು. ಕಣ್ಣು ಅರ್ಧ ಮುಚ್ಚಿತ್ತು. ಆದರೆ ಮಾತಿನಲ್ಲಿ ಹಟ ಹಾಗೇ ಇತ್ತು.

ಸೀಟಿನ ಕೆಳಗೆ ವೀಲ್ ಸ್ಪ್ಯಾನರ್ ಇತ್ತು. ಅದನ್ನು ಎಳೆದುಕೊಂಡೆ. ಕಿಟಕಿಯ ಬೆಳ್ಳಿ ಹಾಳೆಯ ಮೇಲೆಯೇ ಬೀಸಿದೆ. ಮೊದಲನೆಯದಕ್ಕೆ ಗಾಜು ಒಡೆಯಲಿಲ್ಲ. ಕೈಗೆ ಬಲವಿರಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯ ಸಲ ಎರಡೂ ಕೈಯಲ್ಲಿ ಹಿಡಿದು, ಇಡೀ ಮೈಯನ್ನೇ ಅದರ ಹಿಂದೆ ಹಾಕಿದೆ. ಗಾಜು ಪುಡಿಪುಡಿಯಾಗಿ ಒಳಗೂ ಹೊರಗೂ ಬಿತ್ತು. ಗಾಳಿ ನುಗ್ಗಿ ಬಂತು. ಬೂದಿ, ಧೂಳು, ಕಿಡಿ ಎಲ್ಲ ಒಟ್ಟಿಗೆ ಎದ್ದು ಕಣ್ಣಿಗೆ ತುಂಬಿತು.

ಅಲ್ಲಿಗೆ ಮುಗಿಯಬೇಕಿತ್ತು. ಎಷ್ಟೋ ಸಲ ಯೋಚಿಸಿದ್ದೇನೆ, ಅಲ್ಲಿಗೇ ಮುಗಿದಿದ್ದರೆ ನಾನು ಭಾವನ ಜೀವ ಉಳಿಸಿದವನು ಎಂದು ಹೇಳಿಕೊಳ್ಳಬಹುದಿತ್ತು.

ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದೇ ಭಾವ ಎದ್ದರು. ಅವರಿಗೆ ಏನಾಗುತ್ತಿದೆಯೆಂದು ಗೊತ್ತಿರಲಿಲ್ಲ. ತಮ್ಮ ಮೇಲೆ ಕಬ್ಬಿಣ ಬೀಸುವ ಒಬ್ಬ ಮನುಷ್ಯ ಮಾತ್ರ ಕಂಡಿರಬೇಕು. ಅಗ್ಗಿಷ್ಟಿಕೆಯ ಇಕ್ಕಳ ಹಿಡಿದು ನನ್ನ ಕುತ್ತಿಗೆಗೆ ಹೊಡೆದರು. ಅದರ ತುದಿ ಕಾದಿತ್ತು. ಚರ್ಮ ಚುರ್ ಎಂದು ಸುಟ್ಟ ವಾಸನೆ ನನಗೇ ಬಂತು. ಮತ್ತೆ ಎತ್ತಿದ ಕೈಯ ಮೇಲೆ ನಾನು ಸ್ಪ್ಯಾನರ್ ಬೀಸಿದೆ. ಮಣಿಕಟ್ಟು ಮುರಿದ ಶಬ್ದ ಗಾಳಿಯ ಸದ್ದಿನಲ್ಲೂ ಕೇಳಿತು, ಒಣ ತೆಂಗಿನ ಗರಿಯ ದಿಂಡು ಮುರಿದ ಹಾಗೆ. ಅವರು ಹಿಂದಕ್ಕೆ ಬಿದ್ದಾಗ ಕೈ ಹಿಡಿಕೆಗೆ ಸಿಕ್ಕಿ ಬಾಗಿಲು ಸರಿಯಿತು. ಇಬ್ಬರೂ ಒಬ್ಬರ ಮೇಲೊಬ್ಬರು ಹೊರಗೆ ಕಲ್ಲಿನ ಮೇಲೆ ಬಿದ್ದೆವು.

ಸ್ಪ್ಯಾನರ್ ಎಲ್ಲೋ ಹಾರಿಹೋಗಿತ್ತು. ಅದು ದೇವರ ದಯೆ. ನಾನು ಅವರ ಎದೆಯ ಮೇಲೆ ಕೂತು ಮುಷ್ಟಿಯಿಂದ ಹೊಡೆದೆ. ಬಾಯಿಗೆ, ಕಣ್ಣಿಗೆ, ಕಿವಿಗೆ. ಅವರು ಮುರಿದ ಕೈಯನ್ನೇ ಅಡ್ಡ ಹಿಡಿಯಲು ನೋಡಿದರು. ಆ ಕೈಯನ್ನು ಸರಿಸಿ ಮತ್ತೆ ಹೊಡೆದೆ. ಆವರೆಗೆ ಎಂದೂ ಏಕವಚನದಲ್ಲಿ ಮಾತಾಡಿಸದವನು ಆಗ "ನೀನು ನನಗೆ ಹೊಡೀತೀಯಾ? ನೀನು ಅವಳಿಗೆ ಹೊಡೀತೀಯಾ?" ಎಂದು ಕಿರುಚುತ್ತಿದ್ದೆ. ಅವರ ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಬಂತು. ಅದನ್ನು ನೋಡಿದೆ. ನೋಡಿಯೂ ಹೊಡೆದೆ. ಹೊಗೆ ತಲೆಗೇರಿತ್ತು, ನೆಪ ಹೇಳಬಹುದು. ಆದರೆ ಆ ಕ್ಷಣದಲ್ಲಿ ನನ್ನ ತಲೆ ಬಹಳ ತಿಳಿಯಾಗಿತ್ತು. ಪ್ರತಿಯೊಂದು ಏಟೂ ಯಾವುದಕ್ಕೆ ಎಂದು ನನಗೆ ಗೊತ್ತಿತ್ತು. ಒಂದು ಬಗೆಯ ಸುಖವೂ ಆಗುತ್ತಿತ್ತು.

ಯಾರೋ ಹಿಂದಿನಿಂದ ನನ್ನ ಕಾಲರ್ ಹಿಡಿದು ಎಳೆದರು. "ಖಲಾಸ್! ಖಲಾಸ್!" ಸಾಕು ಸಾಕು ಎಂಬ ಕೂಗು. ನಾನು ತಿರುಗಿ ನೋಡದೆ ಮೊಣಕೈಯಿಂದ ತಳ್ಳಿದೆ. ಹಿಡಿತ ಬಿಟ್ಟಿತು. ಏನೋ ಮೆತ್ತಗೆ ಬಿದ್ದ ಹಾಗಾಯಿತು. ತಿರುಗಿದರೆ ಉಸ್ತಾದ್ ಕಲ್ಲುಗಳ ಮೇಲೆ ಬಿದ್ದಿದ್ದರು. ಫರ್ವಾ ತೆರೆದುಕೊಂಡಿತ್ತು, ತಲೆಯ ಬಟ್ಟೆ ಗಾಳಿಗೆ ಹಾರಿಹೋಗಿ ಬಿಳಿಯ ಕೂದಲು ಕಾಣುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ. ನನ್ನ ಕೈ ಅಲ್ಲಿಗೆ ನಿಂತಿತು.

ಅವರೇ ಎದ್ದರು. ನನ್ನನ್ನು ಏನೂ ಕೇಳಲಿಲ್ಲ. ವ್ಯಾನಿನೊಳಗೆ ತಲೆ ಹಾಕಿ ಅಗ್ಗಿಷ್ಟಿಕೆ ನೋಡಿದರು, ಮಾಡಿನ ಕಿಂಡಿಯ ಟವೆಲ್ ನೋಡಿದರು. ತಿರುಗಿ ನನ್ನ ಮುಖವನ್ನು ನೋಡಿದರು. ಆಮೇಲೆ ಕೆಂಡವನ್ನು ಅಗ್ಗಿಷ್ಟಿಕೆಯ ಸಮೇತ ಹೊರಗೆ ಒದ್ದರು.

"ಎತ್ತು ಅವನನ್ನು, ಬೇಗ. ಯಲ್ಲಾ, ಯಲ್ಲಾ."

ಭಾವನನ್ನು ಉಸ್ತಾದರ ವ್ಯಾನಿನ ಮಂಚದ ಮೇಲೆ ಮಲಗಿಸಿದೆವು. ಆ ಧೂಳಿನಲ್ಲಿ ಎದುರಿಗೆ ನಾಲ್ಕು ಮಾರು ಕಾಣುತ್ತಿರಲಿಲ್ಲ. ಉಸ್ತಾದರೇ ಓಡಿಸಿದರು, ಎಲ್ಲಾ ಕಿಟಕಿಗಳನ್ನು ಬೆರಳಿನಷ್ಟು ತೆರೆದಿಟ್ಟು. ನಾನು ನೆಲದಲ್ಲಿ ಕೂತು ಭಾವನ ತಲೆ ಅಲ್ಲಾಡದ ಹಾಗೆ ಹಿಡಿದುಕೊಂಡಿದ್ದೆ. ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ. ಭಾವ ಕಣ್ಣು ಬಿಟ್ಟು ನನ್ನನ್ನು ನೋಡುತ್ತಿದ್ದರು.

ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ಇಬ್ಬರಿಗೂ ಮೂಗಿಗೆ ಆಮ್ಲಜನಕ ಹಾಕಿದರು. ಭಾವನ ಕೈಗೆ ಪ್ಲಾಸ್ಟರ್, ತುಟಿಗೆ ಹೊಲಿಗೆ, ನನ್ನ ಕುತ್ತಿಗೆಗೆ ಮುಲಾಮು. ಇದ್ದಿಲಿನ ವಿಷ ರಕ್ತಕ್ಕೆ ಸೇರಿದೆ, ಇನ್ನು ಸ್ವಲ್ಪ ಹೊತ್ತು ಇದ್ದಿದ್ದರೆ ಇಬ್ಬರೂ ಏಳುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಆದರೆ ಮುಖದ ಗಾಯಗಳನ್ನು ನೋಡಿ ಅವರಿಗೆ ಸಂಶಯ ಬಂತು. ಪೊಲೀಸ್ ಒಬ್ಬರು ಬಂದರು. ನಾನು ಪಕ್ಕದ ಮಂಚದಲ್ಲಿ ಮಲಗಿದ್ದೆ. ನನ್ನ ಜೀವನ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಭಾವ ಒಡೆದ ತುಟಿಯಲ್ಲಿ ನಿಧಾನವಾಗಿ ಅರಬಿ ಮಾತಾಡಿದರು. "ತಲೆ ತಿರುಗಿತು. ವ್ಯಾನಿನಿಂದ ಕಲ್ಲಿನ ಮೇಲೆ ಬಿದ್ದೆ. ಇವನು ಕಿಟಕಿ ಒಡೆದು ನನ್ನನ್ನು ಹೊರಗೆ ಎಳೆದ."

ಪೊಲೀಸರು ಉಸ್ತಾದರ ಕಡೆ ತಿರುಗಿದರು. ಉಸ್ತಾದ್ "ಕಿಟಕಿ ಒಡೆದದ್ದು ನಿಜ" ಎಂದಷ್ಟೇ ಹೇಳಿದರು.

ಸಂಜೆ ಅವರು ನನಗೆ ಹಣ್ಣು ತಂದುಕೊಟ್ಟರು. ಮಂಚದ ಅಂಚಿನಲ್ಲಿ ಕೂತು, ನಮಗೆ ಅರ್ಥವಾಗುವ ಸರಳ ಅರಬಿಯಲ್ಲಿ ಹೇಳಿದರು: "ಬೆಳಿಗ್ಗೆ ಅವನು ನಿನಗೆ ಹೊಡೆಯುವಾಗ ನಾನು ಇಳಿದು ಬರಬೇಕಿತ್ತು. ಚಳಿ ಎಂದು ಬರಲಿಲ್ಲ. ಅದು ನನ್ನ ತಪ್ಪು." ನಾನು ತಲೆ ತಗ್ಗಿಸಿದೆ. "ನಿಮ್ಮನ್ನು ಬೀಳಿಸಿದೆ ಉಸ್ತಾದ್, ಕ್ಷಮಿಸಬೇಕು" ಎಂದೆ. ಅವರು ಮೊಣಕೈಯನ್ನು ತೋರಿಸಿದರು, ತರಚಿತ್ತು. ಇಷ್ಟೇ ತಾನೆ ಎನ್ನುವ ಹಾಗೆ ಕೈಯಾಡಿಸಿದರು.

ಅವರ ಮಗ ವಿಮಾನದಲ್ಲಿ ಬಂದು, ನಮ್ಮನ್ನು ಬಯಲಿನಲ್ಲಿ ಉಳಿದಿದ್ದ ಹಳೆಯ ವ್ಯಾನಿನ ಹತ್ತಿರ ಬಿಟ್ಟು, ಉಸ್ತಾದರನ್ನು ಅವರ ವ್ಯಾನಿನಲ್ಲೇ ಕರೆದುಕೊಂಡು ಹೋದ. ನಾವಿಬ್ಬರು ಹಳೆಯ ವ್ಯಾನಿನಲ್ಲಿ ಹಿಂತಿರುಗಬೇಕಾಯಿತು. ಒಡೆದ ಕಿಟಕಿಗೆ ರಟ್ಟು ಇಟ್ಟು ಅಂಟುಪಟ್ಟಿ ಹಾಕಿದೆ. ಅದು ಗಾಳಿಗೆ ಬಡಿದುಕೊಳ್ಳುತ್ತಲೇ ಇತ್ತು. ನಾನು ಓಡಿಸಿದೆ, ಭಾವ ಪಕ್ಕದಲ್ಲಿ ಕಂಬಳಿ ಹೊದ್ದು ಕೂತರು. ಎರಡು ದಿನ. ಅವರ ಬಲಗೈ ಪ್ಲಾಸ್ಟರಿನಲ್ಲಿ, ಎಡಗೈಯಲ್ಲಿ ತಿನ್ನಲು ಮನಸ್ಸಿಲ್ಲ. ದಾರಿಯ ಹೋಟೆಲಿನಲ್ಲಿ ನಾನು ಅನ್ನ ಕಲಸಿ ಬಾಯಿಗಿಟ್ಟೆ. ಹೊಲಿಗೆ ಎಳೆದು ನೋವಾಗದ ಹಾಗೆ ಸಣ್ಣ ಸಣ್ಣ ತುತ್ತು. ಅವರು ಕಣ್ಣು ಮುಚ್ಚಿಕೊಂಡು ನುಂಗಿದರು. ಪ್ಯಾಂಟಿನ ಗುಂಡಿ ಹಾಕಿಕೊಡಬೇಕಾದಾಗ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದೆವು.

ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಅವರು ನನ್ನ ಹತ್ತಿರ ಮೊದಲ ಸಲ ಮಾತಾಡಿದರು.

"ಕಿಟಕಿ ಒಡೆದದ್ದು ಸರಿ. ಕೈಗೆ ಹೊಡೆದದ್ದೂ ಸರಿ, ನಾನು ಇಕ್ಕಳ ಎತ್ತಿದ್ದೆ. ಆಮೇಲೆ ಬಿದ್ದವನಿಗೆ ಯಾಕೆ ಹೊಡೆದೆ?"

"ಸಾಕಾಗಿತ್ತು ಭಾವ."

ಅವರು ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. "ತಂಗಿಗೆ ಹೊಡೆದದ್ದು ಹೇಳ್ತಾ ಇದ್ದೆ ನೀನು. ಅವಳು ಹೇಳಿದ್ಳಾ?"

"ಕಲೆ ನೋಡಿದ್ದೆ."

ಅಲ್ ಅಹ್ಸಾ ಸೇರಿ ಕೋಣೆಯ ಮೆಟ್ಟಿಲು ಹತ್ತುವಾಗ ಅವರು, "ಅವಳಿಗೆ ಹೇಳ್ಬೇಡ ಮಾರಾಯ, ನಾನು ಬಿದ್ದದ್ದು ಅಂತಲೇ ಇರ್ಲಿ" ಎಂದರು.

ಅವರು ಮತ್ತೆ ನನ್ನ ಮೇಲೆ ಕೈಮಾಡಲಿಲ್ಲ. ಬೇರೆಯವರ ಮೇಲೆ ಮಾಡಿದರು, ಎಡಗೈಯಲ್ಲಿ. ಮನುಷ್ಯ ಬದಲಾದ ಎಂದು ಬರೆಯಲು ನನಗೂ ಆಸೆ, ಆದರೆ ಹಾಗಾಗಲಿಲ್ಲ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡು ಸ್ಪ್ಯಾನರ್ ಹಿಡಿಯಲು ಆಗದೆ ಮರುವರ್ಷ ಊರಿಗೆ ಹೋಗಿಬಿಟ್ಟರು. ಈಗ ಹೆದ್ದಾರಿಯ ಬದಿಯಲ್ಲಿ ಟಯರ್ ಅಂಗಡಿ ಇಟ್ಟಿದ್ದಾರೆ. ವರ್ಕ್‌ಶಾಪಿನಲ್ಲಿ ಅವರ ಜಾಗಕ್ಕೆ ನಾನು ಬಂದೆ. ವಿಷದ ಗಾಳಿ ಬಂದರೆ ಕಿರುಚುವ ಯಂತ್ರವನ್ನು ಕೂರಿಸದೆ ಯಾವ ವ್ಯಾನನ್ನೂ ನಾನು ಹೊರಗೆ ಬಿಡುವುದಿಲ್ಲ.

ಹೆಂಡತಿಗೆ ಎರಡು ವರ್ಷ ಹೇಳಲಿಲ್ಲ. ರಜೆಗೆ ಹೋದಾಗ ಒಂದು ಬೆಳಿಗ್ಗೆ, ಅವಳು ನನ್ನ ಕುತ್ತಿಗೆಯ ಸುಟ್ಟ ಗುರುತಿಗೆ ಬೆರಳಿಟ್ಟು ಇದು ಹೀಟರಿನದ್ದಾ ಎಂದು ಕೇಳಿದಾಗ ಎಲ್ಲವನ್ನೂ ಹೇಳಿದೆ. ಹೊಡೆಯುವಾಗ ಸುಖವಾಯಿತು ಎನ್ನುವುದನ್ನೂ ಬಿಡಲಿಲ್ಲ. ಅವಳಿಗಾಗಿ ಹೊಡೆದೆ ಎಂದು ಕೇಳಿ ಅವಳಿಗೆ ಸಮಾಧಾನವಾದೀತು ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಇತ್ತೇನೋ. ಅವಳು ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಬಿದ್ದ ಮೇಲೂ ಹೊಡೆದ್ರಾ?"

"ಹೌದು."

"ಅಣ್ಣ ಕೈ ಅಡ್ಡ ಹಿಡಿದ್ನಾ?"

"ಹೌದು."

"ನಾನೂ ಹಾಗೇ ಹಿಡೀತಿದ್ದೆ" ಎಂದು ಹೇಳಿ ಮತ್ತೆ ಸೊಪ್ಪು ಸೋಸತೊಡಗಿದಳು.

ಅವಳು ಜಗಳವಾಡಲಿಲ್ಲ, ಅಳಲಿಲ್ಲ. ಆದರೆ ಆ ರಜೆಯಲ್ಲಿ, ಒಂದು ಮಧ್ಯಾಹ್ನ ಅವಳ ತಲೆಯ ಮೇಲಿನಿಂದ ಕೈ ಚಾಚಿ ಫ್ಯಾನಿನ ಸ್ವಿಚ್ ಹಾಕಲು ಹೋದೆ. ಅವಳು ಫಕ್ಕನೆ ತಲೆ ತಗ್ಗಿಸಿ, ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ತಂದಳು. ನಾನು ಎಂದೂ ಅವಳ ಮೇಲೆ ಕೈ ಎತ್ತಿದವನಲ್ಲ. ಫ್ಯಾನ್ ಹಾಕದೆ ನಾನು ಜಗಲಿಗೆ ಹೋಗಿ ಕೂತೆ.

ಈಗ ಅದು ಕಡಿಮೆಯಾಗಿದೆ. ಪೂರ್ತಿ ಹೋಗಿದೆಯೇ ಎಂದು ನಾನು ಕೇಳಿಲ್ಲ. ಅವಳ ಪಕ್ಕದಿಂದ ಏನಾದರೂ ತೆಗೆದುಕೊಳ್ಳುವುದಿದ್ದರೆ, "ಸ್ವಲ್ಪ ಆಚೆ ಸರಿ, ಡಬ್ಬಿ ತೆಗೀತೇನೆ" ಎಂದು ಮೊದಲೇ ಹೇಳಿ, ಆಮೇಲೆ ಕೈ ಚಾಚುತ್ತೇನೆ.